ಎರಡು ಸುರುಳಿ ಗಾಜಿನ ನಾರು

ಬ್ರಿನ್ ಕೋಖ್ ಗುಡ್ಡ ಹತ್ತುವ ಕಾರುಗಳ ಓಟ ಶನಿವಾರವೂ ಉಂಟು, ಭಾನುವಾರವೂ ಉಂಟು. ಭಾನುವಾರ ನಾನು ಚಾಪೆಲ್ಲಿನ ಪ್ರಾರ್ಥನೆ ಬಿಟ್ಟು ಬೇರೆಲ್ಲಿಗೂ ಹೋಗುವವಳಲ್ಲ. ಆದ್ದರಿಂದ ನನಗಿದ್ದದ್ದು ಶನಿವಾರ ಒಂದೇ ದಿನ.

ನನ್ನ ಯಜಮಾನರು ಎಮ್ರಿಸ್ ಫೆಬ್ರುವರಿಯಲ್ಲಿ ದೇವರ ಪಾದ ಸೇರಿದರು. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಾರನ್ನು ನಾವಿಬ್ಬರೂ ಸೇರಿ ಎರಡು ವರ್ಷದಲ್ಲಿ ಕೂಡಿಸಿದ್ದೆವು. ಪ್ರತಿ ಬೇಸಿಗೆಯಲ್ಲೂ ಮೊದಲು ಅವರು ಗುಡ್ಡ ಹತ್ತಿಸುವರು, ಆಮೇಲೆ ನಾನು. ಈಗ ನನ್ನ ಮೈದುನ ಗ್ಲಿನ್‌ಗೆ ಆ ಕಾರು ಮಾರಬೇಕೆಂಬ ಹಟ. ಅರವತ್ತೆಂಟು ವರ್ಷದ ವಿಧವೆಗೆ ಇದೆಲ್ಲ ಯಾಕೆ ಎಂಬುದು ಅವನ ವಾದ. ಈ ಶನಿವಾರ ಕಾರು ಗುಡ್ಡ ಹತ್ತಿದರೆ ಮಾರುವ ಮಾತೇ ಇಲ್ಲ, ಹತ್ತದಿದ್ದರೆ ಸ್ವಾನ್ಸಿಯಿಂದ ಕೊಳ್ಳುವವನು ಬರಲಿ ಎಂದು ನಾನು ಒಪ್ಪಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಓಟದ ತಪಾಸಣೆಯ ಹಿವೆಲ್ ಸದ್ದು ಅಳೆಯಲು ಬಂದ. ಸೈಲೆನ್ಸರಿನ ಬಾಯಿಗೆ ಓರೆಯಾಗಿ ಮಾಪಕ ಹಿಡಿದು, ಎಂಜಿನ್ನಿನ ವೇಗ ಏರಿಸಲು ಕೈಸನ್ನೆ ಮಾಡಿದ. ಅಲ್ಲಿಯ ಮಿತಿ ನೂರು ಡೆಸಿಬೆಲ್, ಮೀರಿದರೆ ಓಟಕ್ಕೆ ಬಿಡುವುದಿಲ್ಲ. ಮಾಪಕ ನೂರಮೂರು ತೋರಿಸಿತು.

"ನೆಸ್ತಾ, ಗುಡ್ಡದ ಆಚೆ ಇರೋ ಕುರಿಗಳೆಲ್ಲ ಎದ್ದು ಕೂತವು," ಎಂದ ಹಿವೆಲ್. "ಹನ್ನೊಂದರವರೆಗೆ ಇಲ್ಲೇ ಇರ್ತೀನಿ. ಆಮೇಲೆ ನಾಳೆ ಬೆಳಿಗ್ಗೆನೇ."

"ನಾಳೆ ಆಗಲ್ಲ."

"ಗೊತ್ತು. ಅದಕ್ಕೇ ಹನ್ನೊಂದು ಅಂದೆ."

ಗ್ಲಿನ್ ನಿಟ್ಟುಸಿರು ಬಿಟ್ಟ. "ಅತ್ತಿಗೆ, ಸಾಕು ಬಿಡಿ. ನಿಮ್ಮ ಕೈಲಿ ಏನಾಗತ್ತೆ ಎರಡು ಗಂಟೆಯಲ್ಲಿ?"

"ನಿನ್ನ ಕೈಲಿ ಏನಾಗತ್ತೆ ಅಂತ ನೋಡೋಣ. ಪಕ್ಕದ ಕಾರಿನವರ ಹತ್ರ ಬ್ಯಾಟರಿ ಡ್ರಿಲ್ ಇಸ್ಕೊಂಡು ಬಾ."

ಸೈಲೆನ್ಸರು ನಮ್ಮ ಕಾರಿನ ಪಕ್ಕೆಯಲ್ಲೇ ಇರುವುದರಿಂದ ಬಿಚ್ಚುವುದು ಕಷ್ಟವಲ್ಲ. ಆರುವ ತನಕ ಕಾದು, ಎರಡು ಪಟ್ಟಿ ಸಡಿಲಿಸಿ, ಹುಲ್ಲಿನ ಮೇಲೆ ಮಲಗಿಸಿದೆ. ರಿವೆಟ್ಟುಗಳ ತಲೆಗಳನ್ನು ಕೊರೆದು ತೆಗೆದೆ, ಮುಚ್ಚಳ ಬಂತು. ಒಳಗಿನ ತೂತುತೂತಿನ ಕೊಳವೆ ಮಾತ್ರ ಬರಲಿಲ್ಲ. ಗ್ಲಿನ್ ಕಾಲು ಕೊಟ್ಟು ಎಳೆದು ಹಿಂದಕ್ಕೆ ಬಿದ್ದ.

"ಅಣ್ಣ ಎಷ್ಟು ಗಟ್ಟಿ ತುಂಬಿದಾನೆ ನೋಡಿ," ಎಂದ ಎದ್ದು, ಹೆಮ್ಮೆಯಿಂದಲೇ. "ಇದರಲ್ಲಿ ತಪ್ಪಿಲ್ಲ. ತಪ್ಪು ಬೇರೆ ಎಲ್ಲೋ ಇದೆ."

ತಪ್ಪು ಇದ್ದದ್ದು ಅಲ್ಲಿಯೇ. ಕಳೆದ ಅಕ್ಟೋಬರಿನಲ್ಲಿ ಎಮ್ರಿಸ್ ಒಂದು ಸುರುಳಿ ಗಾಜಿನ ನಾರು ತುಂಬುವ ಜಾಗಕ್ಕೆ ಎರಡು ತುಂಬಿದರು, ಮರದ ಸುತ್ತಿಗೆಯಿಂದ ಬಡಿದು ಬಡಿದು. ಒಂದೇ ಸಾಕೆಂದು ನಾನು ಹೇಳಿದ್ದೆ. "ಚಳಿಗೆ ಎರಡು ಕಂಬಳಿ ಹೊದ್ದರೆ ತಪ್ಪೇನೇ?" ಎಂದು ನಕ್ಕರು. ಆ ಹೊತ್ತಿಗಾಗಲೇ ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಇರಲಿ ಎಂದು ಬಿಟ್ಟೆ. ಸದ್ದು ಕೊಳವೆಯ ತೂತುಗಳಿಂದ ಹೊರಬಂದು ನಾರಿನ ಸಡಿಲಿನಲ್ಲಿ ಸವೆಯಬೇಕು. ನಾರು ಗೋಡೆಯಂತೆ ಬಿಗಿದಿದ್ದರೆ ಅದು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ.

ಕೈಗವಸು ತೊಟ್ಟು ನಾರನ್ನು ಕಿತ್ತು ತೆಗೆಯತೊಡಗಿದೆ. ಹೊರಗಿನ ಪದರದಲ್ಲಿ ಅವರು ಸುತ್ತಿದ್ದ ತಂತಿಯ ಗಂಟು ಹಾಗೆಯೇ ಇತ್ತು, ಎಡಚರ ಗಂಟು. ಅವರು ಕೊನೆಯದಾಗಿ ಮಾಡಿದ ಕೆಲಸ ಅದು. ಕ್ರಿಸ್ಮಸ್ಸಿಗೆ ಮುಂಚೆಯೇ ಹಾಸಿಗೆ ಹಿಡಿದರು.

"ಅತ್ತಿಗೆ, ಅದನ್ನ ಬಿಚ್ಚಬೇಡಿ," ಎಂದ ಗ್ಲಿನ್. ಅವನ ದನಿ ಬದಲಾಗಿತ್ತು. "ಅಣ್ಣ ಕಟ್ಟಿದ್ದು. ಹಾಗೇ ಮುಚ್ಚಿಬಿಡೋಣ. ಮಾರೋದೂ ಬೇಡ, ಓಡಿಸೋದೂ ಬೇಡ. ಕೊಟ್ಟಿಗೆಯಲ್ಲಿ ನಿಂತಿರಲಿ."

ನನ್ನ ಕೈ ನಿಂತಿತು. ಸುಳ್ಳೇಕೆ, ನನಗೂ ಹಾಗೆ ಅನ್ನಿಸಿತ್ತು. ಕರ್ತನು ಕೊಟ್ಟನು, ಕರ್ತನೇ ತೆಗೆದುಕೊಂಡನು ಎಂದು ನಾನು ಸಮಾಧಿಯ ಬಳಿ ಗಟ್ಟಿಯಾಗಿ ಹೇಳಿದವಳು. ಮಣ್ಣಿಗೆ ಅವರನ್ನೇ ಒಪ್ಪಿಸಿ ಬಂದು, ಒಂದು ತುಂಡು ತಂತಿಯನ್ನು ಹಿಡಿದುಕೊಳ್ಳಲೇ?

"ನಿಮ್ಮಣ್ಣ ಒಳ್ಳೆಯ ಮನುಷ್ಯ, ಗ್ಲಿನ್. ಸೈಲೆನ್ಸರ್ ತುಂಬೋದು ಮಾತ್ರ ಬರ್ತಿರಲಿಲ್ಲ," ಎಂದು ತಂತಿ ಕತ್ತರಿಸಿದೆ.

ಅವನು ನನ್ನನ್ನೇ ನೋಡಿದ. ಆಮೇಲೆ ನಕ್ಕ. "ಬದುಕಿದ್ದಾಗ ಹೇಳಿದ್ರೆ ಮೂರು ದಿನ ಮಾತು ಬಿಡ್ತಿದ್ದ."

"ಐದು."

ಬಿಗಿದ ನಾರು ಹೋದ ಮೇಲೆ ಕೊಳವೆ ಹೊರಬಂತು. ಅದಕ್ಕೆ ಅಂಟಿದ್ದ ನಾರು ಹಳೆಯ ಮಸಿಯೊಂದಿಗೆ ಗಟ್ಟಿಯಾಗಿ ತೂತುಗಳನ್ನೆಲ್ಲ ಮುಚ್ಚಿತ್ತು. ಗ್ಲಿನ್ ಒಂದೊಂದನ್ನೂ ಮೊಳೆಯಿಂದ ಚುಚ್ಚಿ ತೆರೆದ. ನಾನು ಕೊಳವೆಗೆ ಮೊದಲು ತೆಳುವಾಗಿ ಉಕ್ಕಿನ ನಾರು ಸುತ್ತಿದೆ, ಬಿಸಿಗಾಳಿಗೆ ಗಾಜಿನ ನಾರು ಹಾರಿಹೋಗದಿರಲೆಂದು. ಅದರ ಮೇಲೆ ನಾನು ತಂದಿದ್ದ ಹೊಸ ಗಾಜಿನ ನಾರು, ಒಂದೇ ಸುರುಳಿ. ಹತ್ತಿದಾರ ಸುತ್ತಿ, ತಿರುಗಿಸುತ್ತ ಒಳಗೆ ಜಾರಿಸಿದೆ. ಸುತ್ತಿಗೆ ಬೇಕಾಗಲಿಲ್ಲ.

"ಇಷ್ಟು ಸಡಿಲ ಇದ್ರೆ ಆಗತ್ತಾ?" ಎಂದ.

"ರಿವೆಟ್ ಹೊಡಿ."

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಹಿವೆಲ್ ಮತ್ತೆ ಮಾಪಕ ಹಿಡಿದ. ಎಂಜಿನ್ ಏರಿಸಿ ಕಾಲು ಅಲುಗದಂತೆ ಹಿಡಿದೆ. ಅವನು ಅಂಕಿ ನೋಡಿ, ಅನುಮಾನದಿಂದ ಇನ್ನೊಮ್ಮೆ ಅಳೆದ.

"ತೊಂಬತ್ತೇಳು," ಎಂದು ಕಾರಿನ ಮೂತಿಗೆ ಹಸಿರು ಚೀಟಿ ಅಂಟಿಸಿದ. "ಎಮ್ರಿಸ್ ಇದ್ದಾಗಲೂ ಯಾವತ್ತೂ ತೊಂಬತ್ತೊಂಬತ್ತಕ್ಕಿಂತ ಕೆಳಗೆ ಇಳಿದಿರಲಿಲ್ಲ."

ಮಧ್ಯಾಹ್ನ ಗುಡ್ಡ ಹತ್ತಿಸಿದೆ. ನಮ್ಮ ದರ್ಜೆಯಲ್ಲಿ ಕೊನೆಯಿಂದ ಎರಡನೆಯವಳು. ಮೂರನೆಯ ತಿರುವಿನಲ್ಲಿ ಟಯರುಗಳು ರಸ್ತೆಯನ್ನು ಕಚ್ಚುವ ಸದ್ದು ಕೇಳಿಸಿತು. ಇಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಎಲ್ಲಿ ಕಾಲು ಒತ್ತಬಹುದು, ಎಲ್ಲಿ ತಡೆಯಬೇಕು ಎಂದು ಅದು ಹೇಳುತ್ತಿತ್ತು.

ಇಳಿದು ಬಂದಾಗ ಗ್ಲಿನ್ ಬೇಲಿಯ ಬಳಿ ಫೋನಿನಲ್ಲಿದ್ದ. "ಇಲ್ಲ ಮಾರಾಯ, ಮಾರೋದಿಲ್ಲ. ನಾನೇನು ಮಾಡ್ಲಿ, ಅತ್ತಿಗೆಯದು ಕಾರು," ಎನ್ನುತ್ತಿದ್ದ.

ನಾನು ಹೆಲ್ಮೆಟ್ ತೆಗೆಯಲಿಲ್ಲ. ಎರಡನೆಯ ಓಟಕ್ಕೆ ಆಗಲೇ ಸಾಲು ಕಟ್ಟುತ್ತಿದ್ದರು.