ಸೊಸೆಯ ಭಾಷೆ

ಹೊಲಿಗೆಯವಳಿಗೆ ಒಂದು ಹಟವಿತ್ತು. ಅರ್ಧ ಹೊಲಿದ ಬಟ್ಟೆ ಗಿರಾಕಿಯ ಕಣ್ಣಿಗೆ ಬೀಳಬಾರದು. ದಾರ ಕತ್ತರಿಸಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡಿದ ಮೇಲೆಯೇ ಅದು ಮೇಜಿಗೆ ಬರಬೇಕು. ಅಂಗಡಿಯಲ್ಲಿ ಇದರಿಂದ ಅವಳಿಗೆ ಒಳ್ಳೆಯ ಹೆಸರೇ ಬಂತು. ಮನೆಯಲ್ಲಿ ಮುಳುವಾಯಿತು.

ಮಗ ಕಟ್ಟಿಕೊಂಡದ್ದು ಬೇರೆ ಭಾಷೆಯ ಹುಡುಗಿಯನ್ನು. ಗಂಡ ಹೆಂಡತಿ ತಮ್ಮೊಳಗೆ ಆಫೀಸಿನ ಭಾಷೆಯಲ್ಲಿ ಮಾತಾಡಿಕೊಳ್ಳುವರು. ಅತ್ತೆ ಸೊಸೆಯರ ನಡುವೆ ಮಾತ್ರ ‘ಊಟ’, ‘ಸಾಕು’, ‘ಬಾಗಿಲು’, ಇಷ್ಟೇ ಬಂಡವಾಳ. ಉಳಿದದ್ದಕ್ಕೆಲ್ಲ ಕೈಸನ್ನೆ, ಇಲ್ಲವೇ ಪೆಚ್ಚುನಗೆ.

ಅಂಗಡಿಯಲ್ಲಿ ಗುಂಡಿ, ಕಾಜಾ ಹಾಕುವವಳು ಸೊಸೆಯ ಭಾಷೆಯವಳು. ಎಲ್ಲರ ಬಾಯಲ್ಲಿ ಕಾಜಕ್ಕ. ಅವಳನ್ನು ಹಿಡಿದು ಹೊಲಿಗೆಯವಳು ಗುಟ್ಟಾಗಿ ಕಲಿಯತೊಡಗಿದಳು.

“ಏನೇ, ಈ ವಯಸ್ಸಲ್ಲಿ ಯಾವನನ್ನ ಒಲಿಸ್ಕೊಳ್ಳೋಕೆ ಈ ಪಾಠ?” ಎಂದು ಕಾಜಕ್ಕ ಕಾಲೆಳೆದಳು.

“ಸೊಸೆಗಾಗಿ ಕಣೇ.”

“ಹಾಗಾದ್ರೆ ಇವತ್ತೇ ಹೋಗಿ ಬಾಯ್ಬಿಡು. ತಪ್ಪಾದ್ರೆ ಅವಳು ನಗ್ತಾಳೆ, ನೀನೂ ನಗು.”

“ಅತ್ತೆ ಅನ್ನಿಸ್ಕೊಂಡು ಮಗು ಥರ ತೊದಲೋಕಾಗುತ್ತಾ? ಇನ್ನೊಂಚೂರು ಗಟ್ಟಿಯಾಗ್ಲಿ.”

ಆ ಒಂಚೂರು ಮುಗಿಯಲೇ ಇಲ್ಲ. ಕಿವಿ ಬೇಗ ಪಳಗಿತು, ನಾಲಿಗೆ ಹಿಂದುಳಿಯಿತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವಾಕ್ಯ ಕಟ್ಟುವಳು. ಸೊಸೆ ಎದುರಿಗೆ ಬಂದರೆ ಬಾಯಿಗೆ ಬೀಗ.

ಸೊಸೆ ದಿನಾ ಸಂಜೆ ಹಜಾರದಲ್ಲಿ ಕೂತು ತಾಯಿಗೆ ಫೋನ್ ಮಾಡುವಳು. ಅತ್ತೆಗೆ ಅರ್ಥವಾಗುವುದಿಲ್ಲವಲ್ಲ, ದನಿ ತಗ್ಗಿಸುವ ಗೋಜಿಗೆ ಹೋಗುತ್ತಿರಲಿಲ್ಲ. “ಅತ್ತೆ ಅಡುಗೆಗೆ ಉಪ್ಪೇ ಇರಲ್ಲಮ್ಮ” ಎಂದದ್ದು ಕೇಳಿ ಹೊಲಿಗೆಯವಳು ಒಳಗೊಳಗೇ ನಕ್ಕು, ಮಾರನೆಯ ದಿನ ಉಪ್ಪು ಹೆಚ್ಚಿಸಿದಳು. ಆಮೇಲೆ ಬೇರೆ ಸಂಗತಿಗಳೂ ಕಿವಿಗೆ ಬಿದ್ದವು. ಆಸ್ಪತ್ರೆಯ ಪರೀಕ್ಷೆಗಳು. ಬಸಿರು ನಿಲ್ಲದೆ ಹೋದದ್ದು. ಗಂಡನಿಗೂ ಕಾಣದಂತೆ ಅತ್ತದ್ದು. ಎದ್ದು ಹೋಗಬಹುದಿತ್ತು. ಹೋಗಿ ಪಕ್ಕದಲ್ಲಿ ಕೂರಬಹುದಿತ್ತು. ಎರಡೂ ಮಾಡಲಿಲ್ಲ. ಕೇಳಿದಷ್ಟೂ ಭಾಷೆ ಬರುತ್ತದೆ ಎಂದು ತನಗೆ ತಾನೇ ಸಬೂಬು ಹೇಳಿಕೊಂಡಳು.

ಒಂದು ಸಂಜೆ ಸೊಸೆ, “ಅವರಿಗೆ ನಾನು ಬಾಡಿಗೆಗೆ ಬಂದವಳಿದ್ದ ಹಾಗೆ ಅಮ್ಮಾ. ಒಂದು ಮಾತಿಲ್ಲ. ಬಹಳ ಬಿಂಕ” ಎನ್ನುತ್ತಿದ್ದಳು.

ಅಡುಗೆಮನೆಯಲ್ಲಿದ್ದ ಹೊಲಿಗೆಯವಳಿಗೆ ಅದು ಪೂರ್ತಿ ಕೇಳಿಸಿತು. ಸೌಟು ಅಲ್ಲೇ ಬಿಟ್ಟು ಹಜಾರಕ್ಕೆ ಬಂದು, ಸೊಸೆಯ ಭಾಷೆಯಲ್ಲೇ, “ಬಿಂಕ ಅಲ್ಲ ಮಗಳೇ. ನಿನ್ನ ಮುಂದೆ ತಪ್ಪು ಮಾತಾಡೋಕೆ ಹೆದರಿಕೆ” ಎಂದಳು. ಒಂದಕ್ಷರವೂ ತೊದಲಲಿಲ್ಲ.

ಸೊಸೆ ಫೋನ್ ಕೆಳಗಿಟ್ಟಳು. “ಅತ್ತೆ! ಎಷ್ಟು ಚೆನ್ನಾಗಿ ಮಾತಾಡ್ತೀರಿ! ಯಾವಾಗ ಕಲಿತ್ರಿ?”

ಹೊಗಳಿಕೆಗೆ ಇವಳು ಹಿಗ್ಗಿಹೋದಳು. “ಮಾತು ಈಗ ಬಂತು. ಅರ್ಥ ಆಗೋಕೆ ಶುರುವಾಗಿ ವರ್ಷದ ಮೇಲಾಯ್ತು!”

ಸೊಸೆಯ ನಗು ತುಟಿಯಲ್ಲೇ ಉಳಿದು ಕಣ್ಣಿಂದ ಇಳಿದುಹೋಯಿತು. ಆ ಸಂಜೆಗಳನ್ನೆಲ್ಲ ಅವಳು ನೆನೆಸಿಕೊಳ್ಳುತ್ತಿರುವುದು ಅತ್ತೆಗೆ ಕಾಣುತ್ತಿತ್ತು.

“ಅದಕ್ಕೇನಾ ಉಪ್ಪು ಸರಿಹೋದದ್ದು?”

“ಹೂಂ.”

“ಆಸ್ಪತ್ರೆ ವಿಷಯಾನೂ ಗೊತ್ತಿತ್ತಾ?”

ಇವಳು ತಲೆ ತಗ್ಗಿಸಿದಳು.

“ಗೊತ್ತಿದ್ದೂ ಒಂದು ಸಲ ಹತ್ತಿರ ಬಂದು ಕೂರಲಿಲ್ವಲ್ಲ ಅತ್ತೆ. ಕೂರೋಕೆ ಭಾಷೆ ಬೇಕಿತ್ತಾ?”

ಜಗಳವಾಗಲಿಲ್ಲ. ಆಗಿದ್ದರೆ ವಾಸಿಯಿತ್ತು. ಸೊಸೆ ಎಂದಿನಂತೆ ತಟ್ಟೆ ಇಟ್ಟಳು, ಲೋಟಕ್ಕೆ ನೀರು ತುಂಬಿಸಿದಳು. ಮರುದಿನದಿಂದ ಮಾತ್ರ ಫೋನ್ ಹಿಡಿದು ಬೀದಿಗೆ ಇಳಿಯತೊಡಗಿದಳು. ಕಿಟಕಿಯಿಂದ ನೋಡಿದರೆ ದೀಪದ ಕಂಬದ ಕೆಳಗೆ ಅತ್ತಿಂದಿತ್ತ ನಡೆಯುತ್ತಿರುವಳು. ತುಟಿ ಆಡುವುದು ಕಾಣುವುದು, ಮಾತು ಕೇಳುವುದಿಲ್ಲ.

ಚಳಿ ಹೆಚ್ಚಿದ ಒಂದು ಸಂಜೆ, ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಹೊಲಿಗೆಯವಳು ಬಾಗಿಲಿಗೆ ಅಡ್ಡ ಬಂದಳು. ಕಟ್ಟಿಟ್ಟುಕೊಂಡ ವಾಕ್ಯ ಯಾವುದೂ ಇರಲಿಲ್ಲ.

“ನೀನು ಒಳಗೆ... ಮಾತಾಡು. ನಾನು ಆಚೆ. ನಾನು ಕೇಳೋದು... ಇಲ್ಲ” ಎಂದು ಸೊಸೆಯ ಭಾಷೆಯಲ್ಲಿ ತಪ್ಪುತಪ್ಪಾಗಿ ಹೇಳಿ, ಶಾಲು ಎತ್ತಿಕೊಂಡಳು.

ಸೊಸೆ ನಗಲಿಲ್ಲ. “ಪರವಾಗಿಲ್ಲ ಅತ್ತೆ” ಎಂದಳು, ಅತ್ತೆಯ ಭಾಷೆಯಲ್ಲಿ, ಹೊರಗಿನವರಿಗೆ ಹೇಳುವಷ್ಟು ಮರ್ಯಾದೆಯಿಂದ. ಮೆಟ್ಟಿಲಿಳಿದಳು.

“ಚಳಿ! ಶಾಲಾದ್ರೂ ತಗೊಂಡು ಹೋಗು!” ಹೊಲಿಗೆಯವಳು ಕೂಗಿದಳು. ಯಾವ ಭಾಷೆಯಲ್ಲಿ ಕೂಗಿದಳೋ ಅವಳಿಗೇ ತಿಳಿಯಲಿಲ್ಲ.

ಹೆಜ್ಜೆ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಇಳಿಯಿತು.