ಅಯಸ್ಕಾಂತ ಹಿಡಿದ ಜಾಗ

"ಆ ಹೊಸ ಪ್ಲೇಟನ್ನ ಇವನ ಕೈಗೆ ಕೊಡಬೇಡ್ರೋ! ಅಪ್ಪ ಮ್ಯಾಂಗನೀಸ್ ಉಕ್ಕು ಮಾರಿಕೊಂಡು ತಗಡು ಕೂರಿಸಿದ. ಮಗ ರಟ್ಟು ಕೂರಿಸ್ತಾನೆ!"

ಜಲ್ಲಿ ಕ್ರಷರಿನ ಶೆಡ್ಡಿನಲ್ಲಿ ಊಟದ ಹೊತ್ತು; ಕೂಗಿದವನು ಮೇಸ್ತ್ರಿ. ಎಲ್ಲರೂ ಕೈ ತೊಳೆಯಲು ನಲ್ಲಿಯ ಮುಂದೆ ನಿಂತಿದ್ದರು. ಕೆಲವರು ನಕ್ಕರು. ನಗದವರು ಸೋಪು ಹುಡುಕಿದರು. ಮೇಸ್ತ್ರಿ ದಾರ ಕಟ್ಟಿದ ಅಯಸ್ಕಾಂತವನ್ನು ಹುಡುಗನ ಕಾಲ ಬಳಿ ಎಸೆದ.

"ತಗೋ. ಅಂಟಿದ್ರೆ ಬರೀ ಕಬ್ಬಿಣ, ಅಂಟದಿದ್ರೆ ಮ್ಯಾಂಗನೀಸ್. ಎಳೆ ಮಗೂಗೂ ಗೊತ್ತಾಗುತ್ತೆ, ನಿಮ್ಮಪ್ಪನಿಗೆ ಗೊತ್ತಾಗಲಿಲ್ಲ."

ಅಪ್ಪನನ್ನು ತಿಂದದ್ದು ಅದೇ ಅಯಸ್ಕಾಂತ. ಕಲ್ಲು ಪುಡಿಮಾಡುವ ಯಂತ್ರದ ದವಡೆಗೆ ಅಪ್ಪ ಕೂರಿಸಿದ್ದ ಪ್ಲೇಟು ಒಂದು ದಿನ ಒಡೆದು, ಚೂರು ಹಾರಿ, ಪಕ್ಕದಲ್ಲಿದ್ದವನ ಜೀವ ಹೋಗಿತ್ತು. ಮೇಸ್ತ್ರಿ ಚೂರಿನ ಮುಖಕ್ಕೆ ಅಯಸ್ಕಾಂತ ಹಿಡಿದ, ಅಂಟಿತು. ಅಷ್ಟೇ ವಿಚಾರಣೆ. ಆಮೇಲೆ ಅಪ್ಪ ಮನೆಯ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಮಗ ಬಾಗಿಲಲ್ಲಿ ಕಂಡರೆ ಸಾಕು, ಗೋಡೆಗೇ ಹೇಳುತ್ತಿದ್ದ: "ಮ್ಯಾಂಗನೀಸೇ ಕಣೋ. ಕೂರಿಸೋವಾಗ ನಾನೇ ಹಿಡಿದು ನೋಡಿದ್ದೆ, ಅಂಟಿರಲಿಲ್ಲ." ಮಗ ನಂಬದೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದ. ಅಪ್ಪ ಹೋದ ಮೇಲೂ ಆ ಕೋಣೆ ಸುಮ್ಮನಿರಲಿಲ್ಲ. ಬಟ್ಟೆ ತೆಗೆಯಲು ಕಾಲಿಟ್ಟರೂ ಗೋಡೆ ಶುರುಮಾಡುತ್ತಿತ್ತು: ಅಂಟಿರಲಿಲ್ಲ ಕಣೋ.

ಮೇಸ್ತ್ರಿ ಊಟಕ್ಕೆ ಹೋದ. ಹೊಸ ಪ್ಲೇಟಿನ ಅಂಚಿನಿಂದ ಕತ್ತರಿಸಿದ ತುಂಡೊಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಬಳಿ ಬಿದ್ದಿತ್ತು. ಹುಡುಗ ಅಯಸ್ಕಾಂತ ತಾಗಿಸಿ ನೋಡಿದ. ಜಾರಿ ಬಿತ್ತು. ಮ್ಯಾಂಗನೀಸೇ. ದೊಡ್ಡ ಸುತ್ತಿಗೆ ಎತ್ತಿದ. ಮೇಸ್ತ್ರಿಯ ಬಾಯಿ ಅಲ್ಲೇ ಇದೆಯೆನ್ನುವ ಹಾಗೆ ಒಂದೇ ಕಡೆ ಬಾರಿಸತೊಡಗಿದ.

"ಏ ಅಳಿಯಾ," ಮುದಿ ವೆಲ್ಡರ್ ಬುತ್ತಿ ಮುಚ್ಚಿ ಕೂಗಿದ, "ಅದು ಏಟು ಬಿದ್ದಷ್ಟೂ ಗಟ್ಟಿಯಾಗೋ ಜಾತಿ ಕಣೋ. ನಿನ್ನ ರಟ್ಟೆ ಬಿದ್ದು ಹೋಗುತ್ತೆ, ಅದು ಜಪ್ಪಯ್ಯ ಅನ್ನಲ್ಲ."

ಅವನು ನಿಲ್ಲಿಸಲಿಲ್ಲ. ಮೊದಮೊದಲು ತಗ್ಗುಬಿದ್ದ ಉಕ್ಕು ಆಮೇಲೆ ಸುತ್ತಿಗೆಯನ್ನೇ ಎಗರಿಸತೊಡಗಿತು. ಅಂಗೈ ಸುಲಿಯಿತು. ಕೊನೆಗೆ ಅಯಸ್ಕಾಂತವನ್ನು ಆಚೆ ಬಿಸಾಡೋಣವೆಂದು ದಾರ ಹಿಡಿದು ಎಳೆದ. ಅದು ತುಂಡಿನ ಮೇಲೆ ಸರಿಯುತ್ತಾ ಬಂದು, ಏಟು ಬಿದ್ದ ಜಾಗದಲ್ಲಿ ಟಕ್ಕೆಂದು ನಿಂತಿತು.

ಕಿತ್ತು, ಏಟು ಬೀಳದ ಕಡೆ ಇಟ್ಟ. ಜಾರಿತು. ತಗ್ಗಿನ ಹತ್ತಿರ ಒಯ್ದ. ಮೆಲ್ಲಗೆ, ಆದರೆ ಬಿಡದೆ, ಹಿಡಿದುಕೊಂಡಿತು.

ವೆಲ್ಡರ್ ಕಪ್ಪು ಕನ್ನಡಕ ಹಣೆಗೇರಿಸಿದ. "ಅಯ್ಯೋ ಶಿವನೇ... ಏಟು ತಿಂದೂ ತಿಂದೂ ಅದರ ಗುಣಾನೇ ತಿರುಗಿದೆಯಲ್ಲೋ! ನಿಮ್ಮಪ್ಪನ ಪ್ಲೇಟು ಎಷ್ಟು ಕಲ್ಲು ಅಗಿದಿತ್ತು..."

ಮೇಸ್ತ್ರಿ ವಾಪಸು ಬಂದಾಗ ತುಂಡಿನ ಸುತ್ತ ಜನ ನಿಂತಿದ್ದರು. ವೆಲ್ಡರ್ ಅಯಸ್ಕಾಂತವನ್ನು ಅವನ ಕೈಗಿಟ್ಟು ತಗ್ಗು ತೋರಿಸಿದ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಅಲ್ಲಿ ಇಟ್ಟು ನೋಡಿದ, ಇಲ್ಲಿ ಇಟ್ಟು ನೋಡಿದ, ತುಂಡನ್ನು ಮಗುಚಿ ನೋಡಿದ, ಮತ್ತೆ ತಗ್ಗಿನಲ್ಲಿ ಇಟ್ಟ. ಏಳುವಾಗ ಮೊಣಕಾಲಿಗೆ ಕೈ ಊರಿದ.

"ನನಗೇನು ಕನಸು ಬಿದ್ದಿತ್ತಾ?" ದನಿ ಇಳಿದಿತ್ತು. ಕೈ ಹುಡುಗನ ಹೆಗಲ ಮೇಲೆ ಬಂತು. "ಅಲ್ಲಪ್ಪಾ, ಕೂರಿಸೋವಾಗ ನೋಡಿದ್ದೆ, ಅಂಟಿರಲಿಲ್ಲ ಅಂತ ನಿಮ್ಮಪ್ಪ ಒಂದು ಮಾತು ಬಾಯಿಬಿಡಬಾರದಿತ್ತಾ? ನಮಗೆ ಬೇಡ, ಮನೇಲಿ ನಿನಗಾದರೂ ಹೇಳಿದ್ನೇನೋ?"

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ. ಹೆಗಲ ಮೇಲಿನ ಕೈಯನ್ನು ಸರಿಸಿದ. ಬೂಟು ಬಿಚ್ಚಿ, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ಹೊರಗೆ ನಡೆದ.