ಸೂಪಿನ ಗುಟ್ಟು

ನಮ್ಮ ಬೀದಿಯ ಊಟಪ್ರಿಯರ ಗುಂಪಿನಲ್ಲಿ ಒಂದು ನಿಯಮವಿತ್ತು. ತಿಂಗಳಿಗೊಮ್ಮೆ ಎಲ್ಲರೂ ಮನೆಯಲ್ಲಿ ಮಾಡಿದ ಅಡುಗೆ ತಂದು ಒಟ್ಟಿಗೆ ಕೂತು ಉಣ್ಣಬೇಕು. ಅಡುಗೆಗೆ ಏನು ಹಾಕಿದ್ದೇವೆ ಎಂದು ಮಾತ್ರ ಯಾರೂ ಬಾಯಿ ಬಿಡಬಾರದು, ತಿಂದವರೇ ಊಹಿಸಬೇಕು. ಟೈಲರಮ್ಮನ ಕುಂಬಳಕಾಯಿ ಸೂಪಿನ ಗುಟ್ಟು ಆರು ವರ್ಷವಾದರೂ ಯಾರಿಗೂ ಸಿಕ್ಕಿರಲಿಲ್ಲ. ಆಕೆಗೆ ಅದೇ ದೊಡ್ಡ ಹೆಮ್ಮೆ.

ಹೊಸದಾಗಿ ಸೇರಿದ ಎಲೆಕ್ಟ್ರಿಷಿಯನ್ ಮಾತ್ರ ತಾನು ತಂದ ಡಬ್ಬಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ.

“ನನ್ನ ಕೈ ಅಡುಗೆ ಅಂದ್ರೆ ಅವನಿಗೆ ಅಷ್ಟು ಅಸಡ್ಡೆನಾ? ಈ ಸಲ ತಿನ್ನಿಸದೆ ಬಿಡಲ್ಲ,” ಎಂದು ಟೈಲರಮ್ಮ ಸೊಸೆಯ ಮುಂದೆ ಪಟ್ಟು ಹಿಡಿದಳು. ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೊತ್ತಾಗಿತ್ತು, ನಕ್ಕು ಹೊರಟಳು.

ಊಟದ ದಿನ ಟೈಲರಮ್ಮ ಬಟ್ಟಲು ಹಿಡಿದು ನೇರವಾಗಿ ಅವನ ಎದುರಿಗೇ ಕೂತಳು.

“ನನಗೆ ಗೋಡಂಬಿ ಆಗಲ್ಲ ಅಮ್ಮ. ಇದರಲ್ಲಿ ಇಲ್ಲ ತಾನೆ?”

“ಕುಂಬಳಕಾಯಿ, ಉಪ್ಪು, ಮೆಣಸು. ಇನ್ನೇನಿರುತ್ತೆ? ತಿನ್ನಪ್ಪ.”

ನಂಬಿ ಅವನು ಚಮಚ ಎತ್ತಿದ. ಮನೆಯಲ್ಲಿ ಅತ್ತೆ ಸೂಪು ಮಾಡುವುದನ್ನು ಕಂಡಿದ್ದ ಸೊಸೆ ಪಕ್ಕದಲ್ಲೇ ಇದ್ದವಳು ತಟ್ಟನೆ ಬಟ್ಟಲು ಕಿತ್ತುಕೊಂಡಳು.

“ಅತ್ತೆ, ನೀವೇ ಹೇಳ್ತೀರೋ, ನಾನು ಹೇಳ್ಲೋ?”

ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಗೋಡಂಬಿ ಹಾಕಿರೋದು ಒಂದು ಹಿಡಿ ಕಣೆ. ನುಣ್ಣಗೆ ರುಬ್ಬಿದೀನಿ. ಒಂದು ಬಟ್ಟಲಿಗೆ ಏನಾಗ್ಬಿಡುತ್ತೆ?”

“ಹಿಡಿ ಬೇಡ ಅತ್ತೆ, ಚೂರು ಸಾಕು. ಇದು ನಾಲಿಗೆ ನಖರಾ ಅಲ್ಲ, ಅಲರ್ಜಿ. ಗಂಟಲು ಊದಿ ಉಸಿರೇ ಕಟ್ಟಬಹುದು. ರುಬ್ಬಿದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ.”

ಎಲೆಕ್ಟ್ರಿಷಿಯನ್ ಚಮಚ ಕೆಳಗಿಟ್ಟ. “ಹೋದ ವರ್ಷ ಒಂದು ತುಂಡು ಸಿಹಿ ತಿಂದು ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಈಗ್ಲೂ ನಾನು ಊಟಕ್ಕೆ ಕೂತ್ರೆ ಮಗಳು ನನ್ನ ಮುಖಾನೇ ನೋಡ್ತಿರ್ತಾಳೆ. ನಿಮ್ಮ ಸೂಪಿನ ಮೇಲೆ ಆಸೆ ಇಲ್ಲ ಅಂತಲ್ಲಮ್ಮ.”

ಹೆಮ್ಮೆಗಾಗಿ ಆಡಿದ ಒಂದು ಸುಳ್ಳು ಎಲ್ಲಿಗೆ ಮುಟ್ಟುತ್ತಿತ್ತು ಎಂದು ನೆನೆದು ಟೈಲರಮ್ಮನಿಗೆ ನಾಚಿಕೆಯಾಯಿತು. ಆದರೂ ಕೇಳಿದಳು, “ಎಲ್ಲಾ ಹೇಳಿಬಿಟ್ರೆ ನಮ್ಮ ಆಟದ ಗತಿ?”

“ಅಳತೆ ಚೀಟಿ ನೋಡದೆ ನೀವು ಯಾರ ಬಟ್ಟೆಗಾದ್ರೂ ಕತ್ತರಿ ಹಾಕ್ತೀರಾ ಅತ್ತೆ? ಬಟ್ಟೆ ಕೆಟ್ರೆ ಹೊಸದು ತರಬಹುದು.”

ಟೈಲರಮ್ಮ ಚೀಲದಿಂದ ಚೀಟಿ ತೆಗೆದು ದಪ್ಪ ಅಕ್ಷರದಲ್ಲಿ ‘ಗೋಡಂಬಿ ಇದೆ’ ಎಂದು ಬರೆದು ಪಾತ್ರೆಯ ಮುಂದಿಟ್ಟಳು. “ಅಯ್ಯೋ, ಇಷ್ಟೇನಾ ಗುಟ್ಟು?” ಎಂದು ಯಾರೋ ನಕ್ಕರು. ಆಕೆ ತಿರುಗಿಯೂ ನೋಡದೆ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟಳು. “ಹಾಲು, ಮೊಟ್ಟೆ, ಗೋಧಿ, ಎಳ್ಳು, ಮೀನು, ಯಾವುದಿದ್ರೂ ಬರೀರಿ. ಚೀಟಿ ಇಲ್ಲದ ಪಾತ್ರೆ ಮುಚ್ಚಳ ಇಲ್ಲಿ ತೆಗೆಯೋ ಹಾಗಿಲ್ಲ.”

ಮುಂದಿನ ತಿಂಗಳು ಟೈಲರಮ್ಮನ ಸೂಪಿಗೆ ಗೋಡಂಬಿಯ ಬದಲು ಆಲೂಗೆಡ್ಡೆ ಬಿದ್ದಿತ್ತು. ಮಿಕ್ಸಿ ಜಾರನ್ನು ಚೆನ್ನಾಗಿ ತೊಳೆದು, ಸೂಪಿಗೆ ಬೇರೆಯೇ ಸೌಟು ಇಟ್ಟಿದ್ದಳು. ಎಲೆಕ್ಟ್ರಿಷಿಯನ್ ಒಂದೊಂದಾಗಿ ಎಲ್ಲ ಕೇಳಿ, ಎರಡು ಬಟ್ಟಲು ಕುಡಿದ. ಅವನ ಜೊತೆ ಬಂದಿದ್ದ ಮಗಳು ತನ್ನ ಪಾಡಿಗೆ ತಾನು ಊಟ ಮಾಡಿದಳು.

ನೀವೂ ನಾಲ್ಕು ಜನರಿಗೆ ಅಡುಗೆ ಒಯ್ಯುವವರೇ ಅಲ್ಲವೇ? ಪಾತ್ರೆಯ ಮುಂದೆ ಚೀಟಿ ಇಡಿ, ಪ್ರತಿ ಅಡುಗೆಗೂ ಬೇರೆ ಸೌಟು ಇಡಿ. ಬೇಡ ಎಂದವರಿಗೆ ಬಲವಂತ ಮಾಡಬೇಡಿ. ತಿಂದವರ ತುಟಿ, ಗಂಟಲು ಊದಿದರೆ, ಉಸಿರಾಟ ಕಷ್ಟವಾದರೆ ಮನೆಮದ್ದು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅಡುಗೆ ಚೆನ್ನಾಗಿತ್ತು ಎಂದು ಹೇಳಲು ತಿಂದವರು ನಾಳೆಯೂ ಇರಬೇಕು.